ಪಕ್ಕದ ಸೀಟಿನ ಅಳತೆ

ಕಾರಿನೊಳಗೆ ಕೂತು ಬೆನ್ನು ನೆಟ್ಟಗೆ ಮಾಡಿದ್ದೇ ತಡ, ಅಶ್ಮಿತಾಳ ತಲೆ ಮೇಲಿನ ತಗಡಿನ ಮಾಡಿಗೆ ಠಣ್ಣನೆ ಬಡಿಯಿತು. ತುರುಬಿನ ಮಲ್ಲಿಗೆ ಜಜ್ಜಿಹೋಗಿ ನಾಲ್ಕು ಹೂವು ಮಡಿಲಿಗೆ ಉದುರಿದವು.

“ಅಯ್ಯೋ, ಮೆಲ್ಲ ಮಾರಾಯ್ತಿ!” ಎಂದ ಗಂಡ ತಿಲಕ್, ಸ್ಟಿಯರಿಂಗ್ ಹಿಂದಿನಿಂದ. ಹೇಳಿದ್ದು ಹೆಂಡತಿಗೆ, ಸವರಿ ನೋಡಿದ್ದು ಮಾಡನ್ನು.

ಕೊಲ್ಲಿ ದೇಶದ ಸತ್ವಾದಲ್ಲಿ ಅವರಿದ್ದ ಹಳೇ ವಿಲ್ಲಾದ ಅಂಗಳದಲ್ಲಿ ಇವತ್ತು ಗಾಡಿಪೂಜೆ. ಚಕ್ರಗಳಡಿಗೆ ಲಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಮಾಲೆ. ಎಂದೋ ಸತ್ತುಹೋಗಿದ್ದ ಫೋರ್ಡೊಂದರ ತುಕ್ಕು ಹಿಡಿದ ಗೂಡನ್ನು ತಂದು, ಮಡ್‌ಗಾರ್ಡ್ ಕಿತ್ತು, ಕಂಬ ಕೊಯ್ದು ಮಾಡನ್ನು ಒಂದು ಚೋಟು ತಗ್ಗಿಸಿ, ಹಿಂದೆ ಅಮೆರಿಕದ ಹುಡುಗರು ಮನೆ ಹಿತ್ತಲಲ್ಲಿ ಕಟ್ಟುತ್ತಿದ್ದ ಹಾಗೆಯೇ ತಿಲಕ್ ಕೈಯಾರೆ ಕಟ್ಟಿದ ಹಾಟ್ ರಾಡ್ ಅದು. ಒಂದು ಸ್ಕ್ರೂ ಕೂಡ ಆ ಕಾಲದ್ದೇ ಆಗಬೇಕೆಂಬ ಹಟ ಅವನದು. ಗಂಡ ಹೆಂಡಿರಿಬ್ಬರ ರಜೆಗಳನ್ನೆಲ್ಲ ನುಂಗಿ ನೀರು ಕುಡಿದೇ ಆ ಗಾಡಿ ಮೈತುಂಬಿಕೊಂಡಿತ್ತು. ನಂಬರ್ ಪ್ಲೇಟ್ ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಮೊದಲ ಸವಾರಿ ಶೆಡ್ಡಿನಿಂದ ಗೇಟಿನವರೆಗೆ ಮಾತ್ರ. ಆದರೂ ಸವಾರಿ ಸವಾರಿಯೇ. ಪೂಜೆಯಾದ ಗಾಡಿ ಹೊರಡುವಾಗ ಪಕ್ಕದಲ್ಲಿ ಮನೆಯೊಡತಿ ಕೂರಬೇಕು. ಅದಕ್ಕೆಂದೇ ಅಶ್ಮಿತಾ ರೇಷ್ಮೆ ಸೀರೆ ಉಟ್ಟು, ಕರಾಮಾ ಪೇಟೆಯಿಂದ ಮಲ್ಲಿಗೆ ತರಿಸಿ, ಹೂವಿನ ತೇರಿನಲ್ಲಿ ಕೂರುವವಳ ಗತ್ತಿನಲ್ಲಿ ಬಂದು ಕೂತಿದ್ದಳು.

“ಅಕ್ಕ, ನೀವೊಮ್ಮೆ ಇಳೀರಿ. ನಾನು ಕೂತು ನೋಡ್ತೇನೆ, ಎಂತ ಅಂತ ಗೊತ್ತಾಗ್ತದೆ” ಎಂದಳು ಶರ್ಮಿಳಾ. ತಿಲಕನ ಜುಮೇರಾ ಲೇಕ್ ಟವರ್ಸ್ ಆಫೀಸಿನವಳು. ವೆಲ್ಡಿಂಗ್ ಮಾಡುವಾಗ ತಗಡು ಹಿಡಿದುಕೊಳ್ಳಲೆಂದು ವಾರವಾರವೂ ಬರುತ್ತಿದ್ದಳು. ತನ್ನನ್ನು ಅಕ್ಕ ಎನ್ನುವವಳು ಇವನನ್ನು ಭಾವ ಎನ್ನಬೇಕಲ್ಲ? ಊಹೂಂ, ಅವಳ ಬಾಯಲ್ಲಿ ಇವನು ಬರೀ ತಿಲಕ್. ಈ ಲೆಕ್ಕ ಅಶ್ಮಿತಾಳ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತು ತಿಂಗಳುಗಳೇ ಆಗಿದ್ದವು.

ಅಶ್ಮಿತಾ ಇಳಿದಾಗ ಮಡಿಲ ಹೂವು ಸೀಟಿಗೆ ಬಿದ್ದವು. ಶರ್ಮಿಳಾ ಒರೆಯೊಳಗೆ ಕತ್ತಿ ಜಾರಿದ ಹಾಗೆ ಒಳಗೆ ಜಾರಿದಳು. ಅವಳ ತಲೆಗೂ ಮಾಡಿಗೂ ನಡುವೆ ಅಂಗೈ ತೂರುವಷ್ಟು ಜಾಗ. “ನನಗೆ ಹೇಳಿ ಮಾಡಿಸಿದ ಹಾಗಿದೆಯಲ್ಲ, ತಿಲಕ್!”

ಅಶ್ಮಿತಾಳಿಗೆ ಅಜ್ಜಿಯ ಕಥೆಯ ರಾಜಕುಮಾರ ನೆನಪಾದ. ಹೊಳೆಯಲ್ಲಿ ಸಿಕ್ಕಿದ ಗೆಜ್ಜೆಯನ್ನು ಊರೂರು ಹೊತ್ತು ತಿರುಗಿದವನು. ಯಾರ ಕಾಲಿಗೆ ಅದು ಸೇರಿತೋ ಅವಳೇ ಪಟ್ಟದ ರಾಣಿ. ಸೇರದವರು ಏನಾದರೆಂದು ಅಜ್ಜಿ ಹೇಳಿರಲಿಲ್ಲ, ಇವಳು ಕೇಳಿರಲೂ ಇಲ್ಲ. ಮದುವೆಯ ದಿನ ಫೋಟೋದವನು ತಿಲಕನ ಕಾಲಡಿಗೆ ಮಣೆಯೊಂದನ್ನು ತಳ್ಳಿದ್ದ. ಅಂದಿನಿಂದ ಅಶ್ಮಿತಾ ಹೀಲ್ಸ್ ಮೆಟ್ಟಿದವಳಲ್ಲ. ಅವನ ಜೊತೆ ನಡೆಯುವಾಗ ತನಗೇ ತಿಳಿಯದ ಹಾಗೆ ಹೆಗಲು ತಗ್ಗಿಸುತ್ತಿದ್ದಳು.

“ಹಾಗಾದ್ರೆ ನೀನೇ ಕೂತ್ಕೊ” ಎಂದಳು. “ತಾಳು, ಈ ಮಲ್ಲಿಗೆಯನ್ನೂ ತೆಗೆದು ಮುಡಿಸ್ತೇನೆ.”

ಶರ್ಮಿಳಾಳ ನಗು ಅಲ್ಲಿಗೇ ಒಣಗಿತು. “ಅಯ್ಯೋ, ತಮಾಷೆಗೆ ಹೇಳಿದೆ ಅಕ್ಕ” ಎನ್ನುತ್ತ ಇಳಿದು, ಏನೋ ಕೆಲಸ ನೆನಪಾಯಿತೆಂದು ಪ್ರಸಾದಕ್ಕೂ ನಿಲ್ಲದೆ ಗೇಟು ದಾಟಿ ಟ್ಯಾಕ್ಸಿ ಹತ್ತಿದಳು.

“ಅವಳಿಗೆ ಹಾಗ್ಯಾಕೆ ಹೇಳಿದ್ದು?” ಎಂದ ತಿಲಕ್.

“ಅದಿರಲಿ. ಯಾರನ್ನು ಕೂರಿಸಿ ಅಳತೆ ತೆಗೆದದ್ದು?”

“ಎಂತದ್ದರ ಅಳತೆ?”

“ಈ ಬದಿಯ ಮಾಡಿನದ್ದು. ಅವಳನ್ನಾ?”

ತಿಲಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕಪಟವಿಲ್ಲದ ನಗು, ಅದು ಅವಳಿಗೂ ಗೊತ್ತಾಯಿತು. “ಅವಳನ್ಯಾಕೆ ಕೂರಿಸ್ಲಿ ಮಾರಾಯ್ತಿ? ಮೊದಲು ನಾನು ಇಲ್ಲಿ ಕೂತು ಚಾಕಿನಲ್ಲಿ ಗೆರೆ ಹಾಕಿದೆ. ಮತ್ತೆ ಆಚೆ ಬದಿಗೆ ಹೋಗಿ ಕೂತು ಅಲ್ಲಿಯೂ ಗೆರೆ ಹಾಕಿದೆ. ಎರಡೂ ಕಡೆ ನನ್ನದೇ ಅಳತೆ. ಬೇಕಾದ್ರೆ ನೋಡು!”

ಅವಳು ಬಗ್ಗಿ ನೋಡಿದಳು. ಒಳಗಿನ ತಗಡಿನಲ್ಲಿ ಚಾಕಿನ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಅವನ ತಲೆಯ ಎತ್ತರಕ್ಕೆ ಒಂದು. ಪಕ್ಕದ ಸೀಟಿನ ಮೇಲೂ ಅವನ ತಲೆಯ ಎತ್ತರಕ್ಕೇ ಒಂದು.

ಹೊಟ್ಟೆಯ ಕೆಂಡ ಈಗ ಆರಬೇಕಿತ್ತು. ಆರಲಿಲ್ಲ, ಹೊರಳಿ ಕೂತಿತು. ಅದು ಶರ್ಮಿಳಾಳ ಅಳತೆಯಾಗಿದ್ದರೆ ಜಗಳವಾದರೂ ಆಡಬಹುದಿತ್ತು.

“ಸಮಾಧಾನ ಆಯ್ತಲ್ಲ? ಸ್ವಲ್ಪ ತಲೆ ಬಗ್ಗಿಸಿದ್ರೆ ಮುಗೀತು, ಗೇಟಿನವರೆಗೆ ತಾನೆ? ಯಲ್ಲಾ, ಹತ್ತು.” ತಿಲಕ್ ಎಂಜಿನ್ ಚಾಲೂ ಮಾಡಿದ. ಗಾಡಿ ಗುಡುಗಿತು, ಅವನ ಮುಖ ಮೊದಲ ಮಗುವನ್ನು ಎತ್ತಿಕೊಂಡವನ ಮುಖದ ಹಾಗೆ ಬೆಳಗಿತು.

ಅಶ್ಮಿತಾ ಸೀಟಿನ ಮೇಲೆ ಬಿದ್ದಿದ್ದ ಮಲ್ಲಿಗೆಗಳನ್ನು ಒಂದೊಂದಾಗಿ ಹೆಕ್ಕಿಕೊಂಡಳು. ಹೊರಗೇ ನಿಂತು, ಬಾಗಿಲನ್ನು ಮೆಲ್ಲ ಮುಚ್ಚಿದಳು.

“ನೀವಿಬ್ಬರೂ ಹೋಗಿ ಬನ್ನಿ.”

“ಇಬ್ಬರಾ?” ತಿಲಕ್ ಗೇಟಿನತ್ತ ನೋಡಿದ. ಶರ್ಮಿಳಾಳ ಟ್ಯಾಕ್ಸಿ ಆಗಲೇ ಗಲ್ಲಿಯ ತಿರುವು ದಾಟಿತ್ತು. ಪಕ್ಕದ ಖಾಲಿ ಸೀಟನ್ನು, ಅದರ ಮೇಲಿನ ತನ್ನದೇ ಗೆರೆಯನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಲು ಹೋದ.

ಅವಳು ಕಿಟಕಿಯ ಹೊರಗೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ತಗ್ಗಿಸಿದ ಮಾಡು ಅಡ್ಡವಾಗಿ, ಸೀರೆಯ ನೆರಿಗೆಯಷ್ಟೇ ಕಂಡಿತು. ಮುಖ ಕಾಣಬೇಕಾದರೆ ಅವನು ತಲೆ ಬಗ್ಗಿಸಬೇಕಿತ್ತು.