ಗೊಂಬೆಯ ತಾಯಿತ

ಆ ಹೆಂಗಸು ಮೂರನೆಯ ದಿನವೂ ಬಂದಳು. ಏನನ್ನೋ ಹೊಂಚುತ್ತಿದ್ದಾಳೆ ಎಂದು ಅಪ್ಪಾಜಪ್ಪನಿಗೆ ಖಾತ್ರಿಯಾಯಿತು. ಕೋಲಾರದ ಆ ತಗಡಿನ ಕೊಟ್ಟಿಗೆಯಲ್ಲಿ ಆಯಿಲ್ ಎಂಜಿನ್ನು, ಕಬ್ಬಿನ ಗಾಣ, ಅಚ್ಚಿನ ಯಂತ್ರ ಎಲ್ಲವೂ ಇದ್ದವು. ಅವಳು ಯಾವುದರ ಕಡೆಗೂ ತಿರುಗಲಿಲ್ಲ. ನೆಟ್ಟಗೆ ಮೋಟಾರು ಕಾರಿನ ಹತ್ತಿರ ಹೋಗಿ, ಪಕ್ಕದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು.

ಪೆಟ್ಟಿಗೆಯೊಳಗೆ ಇದ್ದದ್ದು ಒಂದು ತಾಮ್ರದ ತಾಯಿತ, ಕಡಿದುಹೋದ ಕರಿ ಉಡಿದಾರದ ಸಮೇತ.

ಹಳೆಯ ಯಂತ್ರಗಳನ್ನು ಹುಡುಕಿ ತಂದು, ರಿಪೇರಿ ಮಾಡಿ ಜನರಿಗೆ ತೋರಿಸುವ ಸಂಘವೊಂದು ಆ ವರ್ಷ, ನಲವತ್ತಾರರಲ್ಲಿ, ಹುಟ್ಟಿಕೊಂಡಿತ್ತು. ಸಾಹುಕಾರ ದೊಡ್ಡನಾರಾಯಣಪ್ಪನವರು ತೀರಿಕೊಂಡ ಮೇಲೆ ಅವರ ಮೋಟಾರನ್ನು ಮನೆಯವರು ಸಂಘಕ್ಕೆ ಕೊಟ್ಟರು. ಅದರ ಡ್ರೈವರಾಗಿದ್ದವನೇ ಅಪ್ಪಾಜಪ್ಪ. ಎಂಟು ವರ್ಷ ಕತ್ತಲೆ ಕೋಣೆಯಲ್ಲಿ ತುಕ್ಕು ಹಿಡಿದಿದ್ದ ಗಾಡಿಗೆ ಆರು ತಿಂಗಳು ಸೇವೆ ಮಾಡಿ ಜೀವ ತಂದ. ಎಡ ಮಡ್ಗಾರ್ಡಿನ ತಗ್ಗೊಂದನ್ನು ಮಾತ್ರ ಬೇಕೆಂದೇ ಬಿಟ್ಟ. ತಗ್ಗಿಲ್ಲದಿದ್ದರೆ ಕಥೆಗೆ ರುಚಿಯಿಲ್ಲ.

ದಿನವೂ ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು, ಪುರಾಣ ಹೇಳುವವರ ಧಾಟಿಯಲ್ಲಿ ಶುರುಮಾಡುತ್ತಿದ್ದ: "ಇಪ್ಪತ್ತು ವರ್ಷ ಗಾಡಿ ಓಡಿಸ್ದೆ ಸ್ವಾಮಿ. ಒಂದು ಕೋಳಿಮರೀನೂ ನನ್ನ ಚಕ್ರಕ್ಕೆ ಸಿಕ್ಕಿಲ್ಲ. ಸಿಕ್ಕಿದ್ದು ಒಂದೇ ಒಂದು ಹೆಣ!"

ಜನ ಬೆಚ್ಚುತ್ತಿದ್ದರು. ಆಗ ಅವನು ನಗುತ್ತಿದ್ದ. ಕೋಳಿಮರಿಯ ಆ ಮಾತೊಂದೇ ಅವನು ಬಾಳಿನಲ್ಲಿ ಗಳಿಸಿದ ಆಸ್ತಿ.

ಅವನು ಹೇಳುತ್ತಿದ್ದದ್ದು ಎಂಟು ವರ್ಷದ ಹಿಂದಿನ ಕಥೆ; ಮಳೆ ಕೈಕೊಟ್ಟ ವರ್ಷ ಅದು. ಬರ ಬಂದಾಗ ಹಳ್ಳಿಗಳಲ್ಲಿ ಹುಲ್ಲಿನ ಗೊಂಬೆ ಕಟ್ಟಿ, ಕೆಂಪು ಓಕುಳಿ ಎರಚಿ, ಚಟ್ಟದ ಮೇಲೆ ಮಲಗಿಸಿ, ತಮಟೆ ಬಡಿದು ಅತ್ತು ಮೆರವಣಿಗೆ ಮಾಡುವುದುಂಟು. ಹೆಣ ನೋಡಿಯಾದರೂ ಮಳೆರಾಯ ಮರುಗಲಿ ಎಂದು. ಸಾಹುಕಾರರನ್ನು ಕೂರಿಸಿಕೊಂಡು ಅವನು ಟೇಕಲ್ ದಾಟಿ ಮಾಲೂರಿನ ದಾರಿಯಲ್ಲಿ ಹೋಗುವಾಗ ಮುಸ್ಸಂಜೆ, ಧೋ ಎಂದು ಮಳೆ ಹೊಡೆಯಿತು. ಮಳೆಹೆಣ ಹೊತ್ತಿದ್ದವರು ಚಟ್ಟವನ್ನು ದಾರಿಯಲ್ಲೇ ಇಳಿಸಿ, ಕೇಕೆ ಹಾಕುತ್ತ ಹುಣಸೆಮರದ ಕಡೆ ಓಡಿದ್ದರು. ತಿರುವು ದಾಟುವಷ್ಟರಲ್ಲಿ ಚಟ್ಟ ಎದುರಿಗೇ ಇತ್ತು. ಬ್ರೇಕು ಹಿಡಿಯಲಿಲ್ಲ. ಹುಲ್ಲು ಹಾರಿತು. ಓಕುಳಿಯ ಕೆಂಪು ಗಾಜಿಗೆ ರಾಚಿತು.

"ಹಿಂದೆ ಕೂತಿದ್ದ ಸಾಹುಕಾರರು ತಿರುಗಿ ನೋಡಿ, 'ಗೊಂಬೆ ಕಣೋ, ನಿಲ್ಲಿಸಬೇಡ, ನಡಿ' ಅಂದ್ರು. ಆದ್ರೂ ಎಂಥ ಧರ್ಮಾತ್ಮರು! ಮಾರನೇ ದಿನ ಆ ಊರಿಗೆ ಗಾಡಿ ತುಂಬ ರಾಗಿ ಕಳಿಸಿದ್ರು. ಹುಲ್ಲಿನ ಗೊಂಬೆಗೆ ಒಂದು ಗಾಡಿ ರಾಗಿ! ಶಾಸ್ತ್ರ ಕೆಡಿಸಿದ ಪಾಪಕ್ಕೆ ಹೆದರಿ ಮತ್ತೆ ಈ ಮೋಟಾರು ಹತ್ತಲೇ ಇಲ್ಲ."

ಕೊನೆಗೆ ತಾಯಿತ ತೋರಿಸುತ್ತಿದ್ದ. ರಿಪೇರಿಯಲ್ಲಿ ಅಡಿಯ ಸ್ಪ್ರಿಂಗುಪಟ್ಟಿಯ ಸಂದಿನಲ್ಲಿ ಸಿಕ್ಕಿದ್ದು. "ಗೊಂಬೆಗೂ ಉಡಿದಾರ ಕಟ್ಟಿದ್ರು ನೋಡಿ, ಎಷ್ಟು ಅಚ್ಚುಕಟ್ಟು!"

ಮೊದಲ ದಿನ ಆ ಹೆಂಗಸು ಸುಮ್ಮನೆ ಕೇಳಿ ಹೋಗಿದ್ದಳು. ಎರಡನೆಯ ದಿನ ಜನರ ನಡುವಿನಿಂದ ಕೇಳಿದಳು: "ಹಾರನ್ ಹೊಡೆದ್ಯಾ ಅಣ್ಣಾ?"

"ಹೊಡೆದೆ ಕಣಮ್ಮ, ಎರಡು ಸಲ. ಗೊಂಬೆಗೆ ಕಿವಿ ಕೇಳಿಸ್ತದಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ದೃಷ್ಟಿ ತಾಯಿತ ಬಿಟ್ಟು ಕದಲಲಿಲ್ಲ. ಮಾಟಗಾತಿಯಿರಬೇಕು ಎಂದುಕೊಂಡು ಅಪ್ಪಾಜಪ್ಪ ಅವತ್ತೇ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ. "ಒಂದು ಮೊಳೆ ಕಾಣೆಯಾದ್ರೂ ನಿನ್ನ ಕೆಲಸ ಹೋಯ್ತು" ಎಂದು ಸಂಘದ ಮೇಷ್ಟ್ರು ಬೇರೆ ಹೇಳಿದ್ದರು.

ಈ ದಿನ ನಡುಮಧ್ಯಾಹ್ನ, ಕೊಟ್ಟಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಎಂಜಿನ್ನಿನ ಮರೆಯಲ್ಲಿ ಕಾದು ನಿಂತ. ಅವಳು ಪೆಟ್ಟಿಗೆಯ ಮುಚ್ಚಳ ಎತ್ತಿ ತಾಯಿತವನ್ನು ಅಂಗೈಯಲ್ಲಿಟ್ಟುಕೊಂಡಳು. ಅವನು ಹಾರಿ ಬಂದು ಮುಂಗೈ ಹಿಡಿದ. ಬಳೆಯಿಲ್ಲದ ಮುಂಗೈ.

"ಸಿಕ್ಕಿಬಿದ್ಯಲ್ಲ! ಯಾವೂರೇ ನಿಂದು? ಹೆಸರೇನು?"

"ಮುನಿಗಂಗಮ್ಮ. ಆ ಹುಣಸೆಮರದ ಪಕ್ಕದ ಊರು."

"ಓಹೋ, ಗೊಂಬೆ ಒಡವೆ ಕೇಳೋಕೆ ಊರಿನವರು ಕಳಿಸಿದ್ರಾ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ.

"ಬೇರೆ ಊರುಗಳಲ್ಲಿ ಗೊಂಬೆ ಕಟ್ತಾರಂತೆ ಅಣ್ಣಾ. ನಮ್ಮೂರಲ್ಲಿ ಬದುಕಿರೋ ಗಂಡಸನ್ನೇ ಮಲಗಿಸ್ತಾರೆ. ಹೆಣ ಎದ್ದರೆ ಬಂದ ಮಳೆ ವಾಪಸು ಹೋಗ್ತದೆ ಅಂತ, ನೀನು ಎರಡು ಸಲ ಹಾರನ್ ಹೊಡೆದ್ರೂ ನಮ್ಮೆಜಮಾನ್ರು ಏಳಲಿಲ್ಲ."