ಹಿತ್ತಾಳೆ ಕೊಡದ ದನಿ

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ: ಒಂದು ಐಸ್‌ಗೋಲಾದ ಆಸೆಗೆ ನಾನು ಅಕ್ಕನ ಮರ್ಯಾದೆಯನ್ನೇ ಮಾರಲು ಹೊರಟಿದ್ದೆ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ಈಗಲೂ ಎಪ್ಪತ್ತರ ದಶಕದ ಸೊಲ್ಲಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕನನ್ನು ತಡವಳ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಜೊತೆಗೆ ಕೊಟ್ಟ ಕೊಡ ಮೊದಲ ದಿನವೇ ಬಾವಿಕಟ್ಟೆಗೆ ತಾಗಿ ನೆಗ್ಗಿತು. "ತವರಮನಿಯವರು ಮೇಣದ ಕೊಡ ಕೊಟ್ಟಾರ ನೋಡ್ರಿ" ಎಂದು ಅವಳ ಅತ್ತೆ ಊರನ್ನೇ ನಗಿಸಿದ್ದಳಂತೆ. ಅದಕ್ಕೇ ಅಜ್ಜಿ ನನ್ನನ್ನು ಕರೆದುಕೊಂಡು, ಹೊಸ ಕೊಡ ಮಾಡಿಸಲು, ತಾಮ್ರ ಹಿತ್ತಾಳೆಯ ಪಾತ್ರೆ ಬಡಿಯುವ ತಾಂಬಟ ಕಾಕಾನ ಮುಂದೆ ಕೂತಿದ್ದಳು.

"ಬಡದಷ್ಟೂ ಹಿತ್ತಾಳಿ ಗಟ್ಟಿ ಆಗತದ್ರಿ ಅವ್ವಾರ," ಎಂದ ಕಾಕಾ. "ಈಗ ಥಪ್ ಥಪ್ ಅನ್ನಾಕತ್ತದ. ಗಟ್ಟಿ ಆತಂದ್ರ ಠಣ್ ಅಂತ ದನಿ ಕೊಡತದ. ಅಲ್ಲಿತನಕ ಬಡೀಬೇಕು."

ಹೊತ್ತು ಹೋಗದೆ ಕಾಕಾನ ಕೆಮ್ಮು, ಅಜ್ಜಿಯ ಆಕಳಿಕೆ, ಹಲ್ಲು ಬಿದ್ದ ನನ್ನದೇ ತೊದಲು, ಎಲ್ಲವನ್ನೂ ಅಣಕಿಸಿ ಮುಗಿಸಿದೆ. ಬಡಿತ ಮಾತ್ರ ಮುಗಿಯಲಿಲ್ಲ. ಕೊಡ ಕೈಗೆ ಬಂದ ಮೇಲೆಯೇ ಗೋಲಾ ಎಂದಿದ್ದಳು ಅಜ್ಜಿ; ಹೊರಗೆ ಗೋಲಾದ ಗಾಡಿ ಹೊರಡುವುದರಲ್ಲಿತ್ತು. ಸುತ್ತಿಗೆ ಬೀಳುವ ಹೊತ್ತಿಗೆ ಸರಿಯಾಗಿ, ಅಜ್ಜಿಯ ಬೆನ್ನ ಹಿಂದಿನಿಂದ ಮೂಗಿನಲ್ಲಿ "ಠಣ್" ಎಂದೆ.

"ಬಂತು ನೋಡಪಾ ದನಿ! ಕೊಡು ಇಲ್ಲೆ, ತಡವಳದ ಬಸ್ ಹೋಗತದ" ಎಂದು ಅಜ್ಜಿ ಎದ್ದೇಬಿಟ್ಟಳು.

ಕಾಕಾ ಕೊಡದ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಮೆತ್ತಗೆ ಒಳಸರಿಯಿತು. ನನ್ನ ಕಡೆ ನೋಡದೆಯೇ ಮತ್ತೆ ಸುತ್ತಿಗೆ ಎತ್ತಿಕೊಂಡು ಹೇಳಿದ:

"ದನಿ ನಿಮ್ಮ ಮೊಮ್ಮಗಗ ಬಂದದ್ರಿ ಅವ್ವಾರ, ಕೊಡಕ್ಕ ಇನ್ನೂ ಬಂದಿಲ್ಲ. ಕೂಡ್ರಿ."