ಮಂಡಿ ಮೇಡಂ

ಮಾಂಸದಂಗಡಿಯ ಯಜಮಾನ ಪ್ರಯೋಗಾಲಯದ ಬಾಗಿಲಲ್ಲಿ ಬರಿಗೈಯಲ್ಲಿ ಬಂದು ನಿಂತಿದ್ದ. ಪ್ರತಿ ವಾರ ಸಂಶೋಧಕಿಯೇ ಅವನ ಅಂಗಡಿಗೆ ಹೋಗಿ ಮಂಜುಗಡ್ಡೆಯ ಡಬ್ಬಿಯಲ್ಲಿ ಕುರಿಯ ಮಂಡಿ ತರುತ್ತಿದ್ದಳು. ಅವನು ಇಲ್ಲಿಗೆ ಬಂದದ್ದು ಇದೇ ಮೊದಲು.

"ಇನ್ಮೇಲೆ ಮಂಡಿ ಕೊಡೋಕಾಗಲ್ಲ ಮೇಡಂ," ಎಂದ ನೆಲ ನೋಡುತ್ತ. "ಬೇಜಾರು ಮಾಡ್ಕೋಬೇಡಿ."

ಅವಳು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. "ಯಾಕಣ್ಣಾ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನಿಮ್ಮಿಂದ ಏನಿಲ್ಲ. ನಮ್ಮ ಮನೆಯವಳು ಮಂಡಿ ಊದ್ಕೊಂಡು ಹಾಸಿಗೆ ಹಿಡಿದಿದ್ದಾಳೆ. ನಿಮಗೆ ಕೊಡೋಕೆ ಶುರು ಮಾಡಿದ್ಮೇಲೇ ಹೀಗಾಯ್ತು ಅಂತಾಳೆ. 'ತಿನ್ನೋರಿಗೆ ಕಡಿದು ಕೊಟ್ರೆ ಅದೊಂದು ಥರ. ಯಾತಕ್ಕೆ ಅಂತಲೇ ಗೊತ್ತಿಲ್ಲದೆ ಬರೀ ಮಂಡಿ ಕಿತ್ತು ಕೊಡ್ತೀಯಲ್ಲ, ಆ ಮೂಕಪ್ರಾಣಿಗಳ ಶಾಪ ನನ್ನ ಕಾಲಿಗೆ ತಟ್ಟಿದೆ' ಅಂತ ದಿನಾ ಅಳ್ತಾಳೆ. ಅದನ್ನ ತಗೊಂಡು ಅವರೇನು ಮಾಡ್ತಾರೆ ಅಂತ ಕೇಳ್ತಾಳೆ. ನನಗೇ ಗೊತ್ತಿಲ್ಲ, ಏನಂತ ಹೇಳಲಿ?"

ಸಂಶೋಧಕಿ ಊರೆಲ್ಲ ಸುತ್ತಿ ನೋಡಿದ್ದಳು. ಬೇರೆ ಅಂಗಡಿಗಳಲ್ಲಿ ಯಂತ್ರದ ಗರಗಸ ಕೀಲನ್ನು ನಡುವೆಯೇ ಸೀಳಿಹಾಕುತ್ತಿತ್ತು. ಒಮ್ಮೆ ತೆರೆದು ಕೊಳೆ ತಗಲಿದ ಕೀಲಿನಿಂದ ಅವಳ ಬಾಟಲಿಗಳಲ್ಲಿ ಬೆಳೆಯುತ್ತಿದ್ದುದು ಬೂಷ್ಟು ಮಾತ್ರ. ಈತನೊಬ್ಬನೇ ಮೇಲೂ ಕೆಳಗೂ ಗೇಣುದ್ದ ಮೂಳೆ ಬಿಟ್ಟು, ಇಡೀ ಮಂಡಿಯನ್ನು ಹಾಗೇ ಕಡಿದುಕೊಡುತ್ತಿದ್ದ. ಅಂಗಡಿಯವರೆಲ್ಲ ಅವಳಿಗೆ 'ಮಂಡಿ ಮೇಡಂ' ಎಂದು ಹೆಸರಿಟ್ಟಿದ್ದರು. ಅವಳೂ ನಕ್ಕು ಡಬ್ಬಿ ಎತ್ತಿಕೊಂಡು ಬರುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲೂ ಇಲ್ಲ.

"ಒಳಗೆ ಬನ್ನಿ," ಎಂದಳು. "ಒಂದ್ಸಲ ನೋಡಿ. ಆಮೇಲೆ ನೀವು ಹೇಳಿದ ಹಾಗೆ."

ಬಿಳಿ ಕೋಟು ಕೊಟ್ಟಳು. ಅದರ ಗುಂಡಿಗಳು ಅವನ ಹೊಟ್ಟೆಯ ಮೇಲೆ ಕಾಜಕ್ಕೆ ಸಿಗಲಿಲ್ಲ. ಅವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡ, ಕೈ ಮೂಸಿ ನೋಡಿಕೊಂಡ, ಮತ್ತೊಮ್ಮೆ ತೊಳೆದುಕೊಂಡ.

ಅವಳು ಬೆಚ್ಚನೆಯ ಪೆಟ್ಟಿಗೆಯಿಂದ ಚಪ್ಪಟೆ ಬಾಟಲಿಯೊಂದನ್ನು ತೆಗೆದು ಸೂಕ್ಷ್ಮದರ್ಶಕಕ್ಕೆ ಇಟ್ಟಳು. "ಕೀಲಿನ ಒಳಗೆ ತೆಳ್ಳನೆ ಪೊರೆ ಇರುತ್ತಲ್ಲಣ್ಣಾ, ಅದನ್ನ ಬಿಡಿಸಿ, ಸಣ್ಣಗೆ ಹೆಚ್ಚಿ, ಅದರ ಜೀವಕೋಶಗಳನ್ನ ಇದರಲ್ಲಿ ಬಿಡ್ತೀನಿ. ಕಾಂಡಕೋಶ ಅಂತಾರೆ. ತಾನು ಏನಾಗಬೇಕು ಅಂತ ಇನ್ನೂ ತೀರ್ಮಾನ ಮಾಡದೇ ಇರೋವು."

ಅವನು ಬಗ್ಗಿದ. ಮೊದಲು ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಅಲ್ಲಾಡದೆ ನಿಂತುಬಿಟ್ಟ. ಕೋಶಗಳು ತೆಳ್ಳಗೆ, ಉದ್ದಕ್ಕೆ, ಕಿರುಮೀನುಗಳ ಹಿಂಡಿನ ಹಾಗೆ ಒಂದಕ್ಕೊಂದು ಆತುಕೊಂಡು ಸಾಲಾಗಿ ಮಲಗಿದ್ದವು.

"ಇಲ್ಲೊಂದು ದುಂಡಗಿದೆ. ಇದರ ನಡು ಸಣ್ಣಗಾಗಿದೆ."

"ಅದು ಎರಡಾಗ್ತಾ ಇದೆ."

"ಯಾವ ಕುರಿದು ಇದು?"

"ಹೋದ ತಿಂಗಳದ್ದು. ಕರೀ ಕುರಿ ಅಂದಿದ್ರಲ್ಲ."

"ಅದನ್ನ ನಾನೇ ಕಡಿದದ್ದು," ಎಂದ. ದನಿ ಇಳಿದುಹೋಗಿತ್ತು. "ಇನ್ನೂ ಬೆಳೀತಾ ಇದೆಯಾ?"

"ಮೊದಲು ಅಲ್ಲೊಂದು ಇಲ್ಲೊಂದು ಅಂಟ್ಕೊಂಡಿದ್ದವು. ಜಾಗ ಸಾಲದೇ ಹೋದಾಗ ಇನ್ನೊಂದು ಬಾಟಲಿಗೆ ಹಂಚಿದೆ, ಅದೂ ತುಂಬಿತು." ಅವಳು ಸಣ್ಣ ಕೊಳವೆಯೊಂದನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಸಾಸಿವೆ ಗಾತ್ರದ ಬಿಳಿ ಮಣಿ. "ಇವನ್ನೇ ಒಟ್ಟುಮಾಡಿ ಆಹಾರ ಬದಲಾಯಿಸಿದ್ರೆ ಹೀಗೆ ಮೆದುಮೂಳೆ ಆಗ್ತವೆ. ಸವೆದ ಮಂಡಿಯಲ್ಲಿ ಇಲ್ಲದೇ ಹೋಗೋದು ಇದೇ."

ಅವನು ತಟ್ಟನೆ ತಲೆಯೆತ್ತಿದ. "ಹಾಗಾದ್ರೆ ನಮ್ಮವಳ ಮಂಡಿಗೆ?"

ಹೂಂ ಎಂದುಬಿಟ್ಟರೆ ಮಂಡಿ ಬರುವುದು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಇಲ್ಲ ಅಣ್ಣಾ. ಇದು ಕುರಿದು. ಕಲಿಯೋಕೆ ಅಷ್ಟೇ. ಮನುಷ್ಯರಿಗೆ ಆಗಬೇಕಾದ್ರೆ ಇನ್ನೂ ಎಷ್ಟು ವರ್ಷ ಬೇಕೋ. ಅತ್ತಿಗೆಗೆ ಸಿಗುತ್ತೆ ಅಂತ ಸುಳ್ಳು ಹೇಳಲಾರೆ. ಆದ್ರೆ ಇಲ್ಲಿರೋದೆಲ್ಲ ನಿಮ್ಮ ಕೈಯಿಂದ ಬಂದದ್ದು. ನೀವಿಲ್ದಿದ್ರೆ ಇಲ್ಲಿ ಖಾಲಿ ಬಾಟಲಿ ಇರ್ತಿದ್ವು. ಕೊಡದೇ ಹೋದ್ರೂ ನಿಮ್ಮನ್ನ ಮರೆಯಲ್ಲ."

ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂಳೆ ಜಾಸ್ತಿ ಹಾಕಿದೆ, ಕೊಬ್ಬು ಜಾಸ್ತಿ ಹಾಕಿದೆ ಎಂದು ಬೈದವರನ್ನು ಕಂಡಿದ್ದನೇ ಹೊರತು, ಕಡಿದು ಕೊಟ್ಟದ್ದಕ್ಕೆ ಹೀಗೆ ಉಪಕಾರ ನೆನೆದವರನ್ನು ಕಂಡಿರಲಿಲ್ಲ. ಕೋಟಿನ ಅಡಿಯಿಂದ ಫೋನು ತೆಗೆದು ಹೆಂಡತಿಗೆ ಹಚ್ಚಿದ, ಸ್ಪೀಕರ್ ಒತ್ತಿದ.

"ಹೇಳಿದ್ಯಾ ಆ ಮೇಡಂಗೆ?"

"ಹೇಳ್ದೆ. ಕೇಳಿಲ್ಲಿ," ಎಂದ ಪಿಸುದನಿಯಲ್ಲಿ. "ಇವರು ಅದನ್ನ ಬೆಳೆಸ್ತಾರೆ ಕಣೇ. ಒಳಗಿನ ಕಣ ತೆಗೆದು ಬಾಟಲಿಯಲ್ಲಿ ಸಾಕ್ತಾರೆ. ನಾನು ಕಡಿದ ಕುರಿದು, ಇನ್ನೂ ಜೀವ ಇದೆ. ಒಂದು ಎರಡಾಗೋದನ್ನ ಈಗ ಕಣ್ಣಾರೆ ನೋಡ್ದೆ."

"ನನ್ನ ಕಾಲಿಗೆ ಆಗುತ್ತಂತಾ?"

"ನಿನಗಲ್ವಂತೆ. ಮುಂದೆ ಯಾರಿಗೋ."

  ಆ ಕಡೆಯಿಂದ ಹೆಂಡತಿ ಕೇಳಿದಳು: "ಅವಕ್ಕೆ ನೋವಾಗುತ್ತಾ, ಕೇಳು."

ಸಂಶೋಧಕಿ ಫೋನಿನ ಹತ್ತಿರ ಬಾಗಿದಳು. "ಇಲ್ಲ ಅತ್ತಿಗೆ. ನೋವು ತಿಳಿಯೋ ನರ ಅವಕ್ಕಿಲ್ಲ. ಒಂಚೂರೂ ನೋವಿಲ್ಲ."

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಸದ್ದು, ಹಿಂದೆಯೇ ಹಲ್ಲು ಕಚ್ಚಿ ತಡೆದ ನರಳಿಕೆ ಕೇಳಿಸಿತು.

"ಸದ್ಯ," ಎಂದಳು ಹೆಂಡತಿ. "ಲೋಕದಲ್ಲಿ ನೋವಿಲ್ಲದ ಮಂಡಿ ಒಂದಾದ್ರೂ ಇದೆಯಲ್ಲ. ಕೊಡ್ತಾ ಇರು."